ಕಾಯಕವೂ ಜೀತವೂ



ಸಮತೆಯ ಚರಿತ್ರೆಯನ್ನು ಮಕ್ಕಳಿಗೆ ಬೋಧಿಸುವ ಬಗೆ ಹೇಗೆ? ಹಿರಿಯರ ಸದ್ವಚನಗಳನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಆ ಪಾಠವು ಪೂರ್ಣವಾಗದು. ನುಡಿಗೂ ನಡೆಗೂ ನಡುವೆ ಬಿದ್ದ ಅಂತರವನ್ನು ಸಹ ಮುಚ್ಚುಮರೆಯಿಲ್ಲದೆ ತೋರಿಸತಕ್ಕದ್ದು.

ಮೊದಲು ದೂರದ ನಿದರ್ಶನವೊಂದನ್ನು ನೋಡೋಣ. 1776ರಲ್ಲಿ ಅಮೆರಿಕದ ಮುಖಂಡರು ಮಾನವರೆಲ್ಲರೂ ಹುಟ್ಟಿನಿಂದ ಸಮಾನರೆಂದು ಜಗತ್ತಿಗೆ ಸಾರಿದರು. ಆ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ನನು ತನ್ನ ಜೀವಿತಕಾಲದಲ್ಲಿ 600ಕ್ಕೂ ಮಿಕ್ಕ ಗುಲಾಮರಿಗೆ ಒಡೆಯನಾಗಿದ್ದನು. ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಗೊಳಿಸಿದ ಸಂವಿಧಾನದ ತಿದ್ದುಪಡಿಯು ಬಂದುದು 1865ರಲ್ಲಿ. ಅದಕ್ಕಾಗಿ ನಾಲ್ಕು ವರ್ಷಗಳ ಘೋರ ಅಂತರ್ಯುದ್ಧವೇ ನಡೆಯಬೇಕಾಯಿತು. ಮಹಾತ್ಮ ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಎಂಬ ತಮ್ಮ ಗ್ರಂಥವನ್ನು ಆ ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ದೂರದವರ ಚರಿತ್ರೆಯಲ್ಲಿ ಅವರು ಕಂಡುದು ತಮ್ಮ ನೆಲದ ನೋವನ್ನೇ.

ನಾವಾದರೂ ಅನ್ಯರನ್ನು ಆಕ್ಷೇಪಿಸುವ ಮುನ್ನ ನಮ್ಮ ಮನೆಯ ಲೆಕ್ಕವನ್ನು ನೋಡಬೇಡವೆ? ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕದ ತತ್ತ್ವವನ್ನು ಬೋಧಿಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವು ತಮಗೆಲ್ಲ ವಿದಿತವೇ ಇದೆ. ತನಗೆ ಸಲ್ಲದುದನ್ನು ಕೊಳ್ಳಲಾಗದೆಂಬುದೇ ಅದರ ತಿರುಳು. ಹೀಗಿರಲು, ಇನ್ನೊಬ್ಬನ ಬೆವರನ್ನೇ ಕೊಳ್ಳುವುದು ಸಲ್ಲುವುದೆಂತು?

ಆದರೂ ಅದೇ ಕನ್ನಡ ನೆಲದಲ್ಲಿ ಜೀತವು ಬೇರೂರಿತ್ತು. ಕಾಯಕವು ಸ್ವಂತ ಮನಸ್ಸಿನಿಂದ ಮಾಡುವ ದುಡಿಮೆ; ಜೀತವು ಸಾಲದ ಹಗ್ಗದಿಂದ ಬಿಗಿದ ದುಡಿಮೆ. ಬಡ್ಡಿಯು ಬೆಳೆಯಿತಲ್ಲದೆ ಅಸಲು ತೀರಲಿಲ್ಲ. ತಂದೆಯ ಋಣವು ಮಗನ ಹೆಗಲೇರಿತು. ಶಿವರಾಮ ಕಾರಂತರು 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯಲ್ಲಿ ಈ ಸಂಕಟವನ್ನೇ ಚಿತ್ರಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಆದರೂ ಜೀತವು ಅಳಿಯಲಿಲ್ಲ. 1976ರಲ್ಲಿ ಜೀತಪದ್ಧತಿ ರದ್ದತಿಯ ಶಾಸನವನ್ನು ಬೇರೆಯಾಗಿಯೇ ಮಾಡಬೇಕಾಯಿತು. ಅದರಿಂದ ಜೀತಗಾರನು ಬಿಡುಗಡೆಗೊಂಡನು; ಅವನ ಜೀತದ ಸಾಲವೂ ಕಾನೂನಿನಂತೆ ತೀರಿಹೋಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಗೃಹಸ್ಥರು ಬಹುಮಂದಿ ಬೇಸಾಯಗಾರರು. ಅಡಕೆಯ ತೋಟಕ್ಕಾಗಲಿ, ಭತ್ತದ ಗದ್ದೆಗಾಗಲಿ, ಮಳೆಯನ್ನೇ ನೆಚ್ಚಿದ ಹೊಲಕ್ಕಾಗಲಿ ಆಳುಕಾಳುಗಳಿಲ್ಲದೆ ನಡೆಯದು. ಆದಕಾರಣ ಈ ಪಾಠವು ನಮ್ಮ ಕಣದಲ್ಲಿಯೇ ಮೊದಲಾಗಲಿ. ‘ಅಜ್ಜಾ, ನಮ್ಮ ಮನೆಯಲ್ಲಿಯೂ ಜೀತಕ್ಕೆ ಆಳನ್ನು ಇಟ್ಟುಕೊಂಡಿದ್ದಿರಾ?’ ಎಂದು ಮಗುವು ಕೇಳಿದರೆ ಅದರ ಬಾಯಿ ಮುಚ್ಚಿಸಬೇಡಿರಿ. ಇದ್ದುದಾದರೆ ಇತ್ತೆಂದೇ ಹೇಳಿರಿ. ತರುವಾಯ ಇಂದಿನ ಕೂಲಿಯ ಲೆಕ್ಕವನ್ನು ಆ ಮಗುವಿನ ಎದುರಿನಲ್ಲಿಯೇ ಓದಿರಿ: ಮುಂಗಡ ಎಷ್ಟು, ಸಂದುದೆಷ್ಟು, ಉಳಿದುದೆಷ್ಟು, ಸಾಲ ತೀರುವ ಮೊದಲೇ ಬಿಟ್ಟುಹೋಗಲು ಆಳಿಗೆ ಸ್ವಾತಂತ್ರ್ಯವಿದೆಯೆ?

ಈ ಪ್ರಶ್ನೆಗೆ ಅಳುಕಿಲ್ಲದೆ ಉತ್ತರ ಕೊಡಬಲ್ಲ ಮನೆಯಲ್ಲಿ ಮಾತ್ರ ಕಾಯಕವು ಕಾಯಕವಾಗಿ ಉಳಿಯುತ್ತದೆ.