ಮೈಲುತುತ್ತ, ಸುಣ್ಣ ಮತ್ತು ಸಿಮೆಂಟು

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮೆಲ್ಲರಿಗೂ ವಾಡಿಕೆ. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರವಿದೆ. ಬರೀ ತುತ್ತದ ನೀರು ಎಳೆಯ ಕಾಯಿಯನ್ನು ಸುಡುತ್ತದೆ. ಸುಣ್ಣ ಸೇರಿದೊಡನೆ ತಾಮ್ರವು ಕರಗದ ರೂಪಕ್ಕೆ ತಿರುಗಿ ಕಾಯಿಗೆ ಅಂಟಿಕೊಳ್ಳುತ್ತದೆ. ದ್ರಾವಣದಲ್ಲಿ ಅದ್ದಿದ ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ.

ಕಾರ್ಖಾನೆಗಳ ಲೋಹದ ಕೆಸರನ್ನು ಕಟ್ಟಿಹಾಕುವ ವಿಧಾನಕ್ಕೂ ಇದೇ ತತ್ವ ಆಧಾರ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಆದ್ದರಿಂದ ಅದನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿಮಾಡುತ್ತಾರೆ. ಸಿಮೆಂಟಿನ ಕ್ಷಾರ ಲೋಹವನ್ನು ಕರಗದಂತೆ ಮಾಡುತ್ತದೆ. ಗಟ್ಟಿಯಾದ ಗಾರೆ ನೀರು ಒಳನುಗ್ಗದಂತೆ ತಡೆಯುತ್ತದೆ. ಇಂಥ ಅಪಾಯಕಾರಿ ತ್ಯಾಜ್ಯವನ್ನು ಹೂಳಲೆಂದೇ ನಮ್ಮ ರಾಜ್ಯದ ದಾಬಸ್‌ಪೇಟೆಯಲ್ಲಿ ಕೇಂದ್ರವನ್ನು ಸ್ಥಾಪಿಸಲಾಗಿದೆ.

ಆದರೆ ಎಲ್ಲ ಲೋಹಕ್ಕೂ ಒಂದೇ ಮದ್ದಲ್ಲ. ವಿಷಕಾರಿ ರೂಪದ ಕ್ರೋಮಿಯಂಗೆ ಮೊದಲು ಅನ್ನಭೇದಿ ಹಾಕಿ ಅದರ ಗುಣ ಬದಲಿಸಬೇಕು. ಸೀಸ, ಸತು ಕ್ಷಾರ ಮಿತಿಮೀರಿದರೆ ಮತ್ತೆ ಕರಗುತ್ತವೆ. ಸಿಮೆಂಟು ಬಿಗಿಯುವುದನ್ನೂ ತಡಮಾಡುತ್ತವೆ. ಆದುದರಿಂದ ಗಟ್ಟಿಯಾದ ತುಂಡನ್ನು ಪುಡಿಮಾಡಿ, ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಸುಮಾರು 18 ಗಂಟೆ ಕುಲುಕಿ, ಎಷ್ಟು ಲೋಹ ಹೊರಬಂತೆಂದು ಅಳೆಯುವ ಪರೀಕ್ಷೆಯುಂಟು. ಕಲ್ಲಿನಂತೆ ಕಂಡರೆ ಸಾಲದು, ಹುಳಿಯ ಎದುರು ನಿಲ್ಲಬೇಕು.

ಇದರಿಂದ ನಮಗೇನು ಪಾಠ? ಸುಣ್ಣ ಕಟ್ಟಿದ್ದನ್ನು ಹುಳಿ ಬಿಚ್ಚುತ್ತದೆ. ವರ್ಷವರ್ಷವೂ ಸಿಂಪಡಿಸಿದ ತಾಮ್ರ ತೋಟದ ಮೇಲ್ಮಣ್ಣಿನಲ್ಲೇ ಕೂಡುತ್ತ ಹೋಗುತ್ತದೆ. ಮಣ್ಣು ಹುಳಿಯಾದರೆ ಅದು ಕರಗಿ ಬೇರಿಗೂ ನೀರಿಗೂ ಸೇರುತ್ತದೆ. ಚನ್ನಗಿರಿಯ ಸೂಳೆಕೆರೆಯಾಗಲಿ, ಹೊನ್ನಾಳಿ-ನ್ಯಾಮತಿಯ ತುಂಗಭದ್ರೆಯಾಗಲಿ, ಜಗಳೂರಿನ ಕೊಳವೆಬಾವಿಯಾಗಲಿ, ನಾವು ಕುಡಿಯುವುದು ಅದೇ ನೀರನ್ನೇ.

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಆ ದಿನಕ್ಕೆ ಬೇಕಾದಷ್ಟೇ ದ್ರಾವಣ ತಯಾರಿಸಿರಿ. ಚಾಕುವಿನ ಪರೀಕ್ಷೆ ತಪ್ಪಿಸಬೇಡಿರಿ.

2. ಪೀಪಾಯಿ, ಪಂಪು ತೊಳೆದ ನೀರನ್ನು ಹಳ್ಳಕ್ಕೆ, ಕೆರೆಗೆ, ಬಾವಿಯ ಬದಿಗೆ ಚೆಲ್ಲಬೇಡಿರಿ. ಮೀನಿಗೆ ತಾಮ್ರ ಅತಿ ಅಲ್ಪ ಪ್ರಮಾಣದಲ್ಲೂ ವಿಷ. ಆ ನೀರನ್ನು ಸಿಂಪಡಿಸಿದ ತೋಟದಲ್ಲೇ ಒಂದೆಡೆ ಸುರಿಯದೆ ಹರಡಿರಿ.

3. ಮಣ್ಣು ಪರೀಕ್ಷೆ ಮಾಡಿಸಿ, ಹುಳಿಯಿದ್ದರೆ ಶಿಫಾರಸಿನಂತೆ ಸುಣ್ಣ ಕೊಡಿರಿ.

4. ಹಳೆಯ ಬ್ಯಾಟರಿಯನ್ನು ಒಡೆಯಬೇಡಿರಿ. ಒಳಗೆ ಸೀಸವೂ ಆಮ್ಲವೂ ಇವೆ. ಮನೆಯಲ್ಲಿ ಸಿಮೆಂಟು ಕಲಸಿ ಹೂತರೆ ಕೆಲಸವಾಗದು. 2022ರ ನಿಯಮದಂತೆ ಅದು ಮರುಬಳಕೆಗೆ ಹೋಗಬೇಕು, ಮಾರಾಟಗಾರರಿಗೆ ಹಿಂದಿರುಗಿಸಿರಿ.

ಒಮ್ಮೆ ಮಣ್ಣು ಸೇರಿದ ಲೋಹವನ್ನು ಹೊರತೆಗೆಯುವುದು ಬಹು ಕಷ್ಟ. ಸೇರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.