ಯುಎಸ್‌ಬಿ ಕಂಟ್ರೋಲರ್ ಫರ್ಮ್‌ವೇರ್: ನೆನಪಿಡಬೇಕಾದ ಅಂಶಗಳು

1. ಫರ್ಮ್‌ವೇರ್: ಸಾಧನದ ಚಿಪ್ಪನ್ನು ನಡೆಸುವ ತಂತ್ರಾಂಶ. ಪದ ಬಳಕೆಗೆ ತಂದವರು ಆಷರ್ ಒಪ್ಲರ್ (1967).

2. ಸಾಮಾನ್ಯ ಸಂಗ್ರಹ: ಫ್ಲ್ಯಾಶ್, ಇಇಪ್ರಾಮ್. ವಿದ್ಯುತ್ ಹೋದರೂ ಅಳಿಯದು.

3. ಯುಎಸ್‌ಬಿ 1.0: 1996. ರೂಪಿಸಿದವರಲ್ಲಿ ಇಂಟೆಲ್‌ನ ಅಜಯ್ ಭಟ್ ಪ್ರಮುಖರು.

4. ಗೊಂದಲ ಬೇಡ: ಡ್ರೈವರ್ ಇರುವುದು ಕಂಪ್ಯೂಟರ್ ಡಿಸ್ಕಿನಲ್ಲಿ, ಫರ್ಮ್‌ವೇರ್ ಕಂಟ್ರೋಲರ್‌ನಲ್ಲಿ. ವಿಂಡೋಸ್ ಹೊಸದಾಗಿ ಹಾಕಿದರೆ ಡ್ರೈವರ್ ಬದಲಾಗಬಹುದು, ಚಿಪ್ಪಿನ ಫರ್ಮ್‌ವೇರ್ ಹಾಗೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ.

5. ಬ್ಯಾಡ್‌ಯುಎಸ್‌ಬಿ ದಾಳಿ (2014): ಫರ್ಮ್‌ವೇರ್ ತಿದ್ದಿದ ಪೆನ್‌ಡ್ರೈವ್ ಕೀಬೋರ್ಡ್‌ನಂತೆ ವರ್ತಿಸುತ್ತದೆ.

6. ಮುಂಬೈ: ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ, ಅಧಿಕೃತ ಹೆಸರು ಡಾ. ಭಡಕಮಕರ್ ಮಾರ್ಗ. ಅಲ್ಲಿ ಯುಎಸ್‌ಬಿ ಕಂಟ್ರೋಲರ್ ಕಾರ್ಡ್ ಕೊಂಡರೆ ಡಬ್ಬಿಯ ಹೆಸರು ಸಾಲದು. ಕಪ್ಪು ಚಿಪ್ಪಿನ ಮೇಲಿನ ಸಣ್ಣಕ್ಷರದ ನಂಬರ್ ಓದಿ, ಅದಕ್ಕೆ ಹೊಂದುವ ಫರ್ಮ್‌ವೇರ್ ಫೈಲನ್ನೇ ಹಾಕಿ. ಅಪ್‌ಡೇಟ್ ನಡುವೆ ವಿದ್ಯುತ್ ಕಡಿತವಾದರೆ ಕಾರ್ಡ್ ನಿಷ್ಕ್ರಿಯವಾಗಬಹುದು.