ಡ್ರಾಪ್ ಮಾಡ್ಲಾ, ಬೇಡ್ವಾ? ಒಂದು ಲೆಕ್ಕ, ನಾಲ್ಕು ಪ್ರಶ್ನೆ

ಕಳೆದ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಆರೂವರೆಗೆ ನಮ್ಮ ಹಾಸ್ಟೆಲ್ ರೂಮಲ್ಲಿ ಫೋನ್ ಹೊಡ್ಕೊಳ್ತು. ಮಾಡಿದ್ದು ನಮ್ಮ ಮೂವರಲ್ಲಿ ಒಬ್ಬನ ದೊಡ್ಡಪ್ಪನ ಮಗಳು. ಅಮೆರಿಕದ ಪೂರ್ವ ತೀರದ ಒಂದು ಕಾಲೇಜಿನಲ್ಲಿ ಎರಡನೇ ವರ್ಷ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು. ನಮ್ಮ ಮೂವರಿಗೂ ಅವಳು ಅಕ್ಕನೇ.

"ಆರ್ಗ್ಯಾನಿಕ್ ಕೆಮಿಸ್ಟ್ರಿ ವಿತ್‌ಡ್ರಾ ಮಾಡ್ಲಾ? ಶುಕ್ರವಾರ ಲಾಸ್ಟ್ ಡೇಟ್. ನೀವು ಎಂಜಿನಿಯರ್‌ಗಳು ತಾನೇ, ಲೆಕ್ಕ ಹಾಕಿ ಹೇಳ್ರೋ" ಅಂದಳು.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಮೆಡಿಕಲ್ ಕಾಲೇಜು. ಆ ನಾಲ್ಕು ವರ್ಷ ಮೆಡಿಕಲ್‌ಗೆ ತಯಾರಾಗುವವರನ್ನು ಪ್ರೀಮೆಡ್ ಅಂತಾರೆ. ಅದು ಡಿಗ್ರಿಯ ಹೆಸರಲ್ಲ. ಯಾವ ವಿಷಯದಲ್ಲಿ ಪದವಿ ಮಾಡಿದರೂ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಓದಿರಬೇಕು, ಎಂಕ್ಯಾಟ್ ಪರೀಕ್ಷೆ ಬರೆಯಬೇಕು. ಇದರಲ್ಲಿ ಬಹಳ ಜನ ಹೆದರುವ ಕೋರ್ಸ್ ಆರ್ಗ್ಯಾನಿಕ್ ಕೆಮಿಸ್ಟ್ರಿ. ನಿಗದಿತ ದಿನಾಂಕದೊಳಗೆ ಕೋರ್ಸ್ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯು' ಅಂತ ಬರುತ್ತೆ. ಅದು ಜಿಪಿಎ ಲೆಕ್ಕಕ್ಕೆ ಸೇರಲ್ಲ, ಆದರೆ ಅಳಿಸಿಯೂ ಹೋಗಲ್ಲ.

ಪ್ರಶ್ನೆ 1: ಇನ್ನೂ ದಡ ಸೇರೋಕೆ ಆಗುತ್ತಾ?

ಅಕ್ಕನ ಕೋರ್ಸ್‌ನಲ್ಲಿ ಎರಡು ಮಿಡ್‌ಟರ್ಮ್‌ಗೆ ತಲಾ 25%, ಹೋಮ್‌ವರ್ಕ್‌ಗೆ 10%, ಫೈನಲ್‌ಗೆ 40%. ಅವಳಿಗೆ ಬಂದಿದ್ದು 52, 46, ಹೋಮ್‌ವರ್ಕ್‌ನಲ್ಲಿ 90. ಅಂದರೆ 13 + 11.5 + 9 = 33.5. 'ಸಿ' ಗ್ರೇಡ್‌ಗೆ 70 ಬೇಕು. ಉಳಿದ 36.5 ಪೂರ್ತಿ ಫೈನಲ್‌ನಿಂದಲೇ ಬರಬೇಕು, ಅಂದರೆ ಫೈನಲ್‌ನಲ್ಲಿ 91%. ಕ್ಲಾಸ್ ಸರಾಸರಿ ಅವಳಿಗಿಂತ ಬಹಳ ಮೇಲಿತ್ತು. ಹಾಗಾಗಿ ಪ್ರೊಫೆಸರ್ ಗ್ರೇಡ್ ಸಡಿಲಿಸ್ತಾರೆ ಅನ್ನೋ ಆಸೆಯೂ ಇರಲಿಲ್ಲ.

ಪ್ರಶ್ನೆ 2: ಜಿಪಿಎಗೆ ಎಷ್ಟು ಪೆಟ್ಟು?

ಅಲ್ಲಿ ಜಿಪಿಎ 4ಕ್ಕೆ. ಅಕ್ಕ ಮುಗಿಸಿದ್ದು 30 ಕ್ರೆಡಿಟ್, ಜಿಪಿಎ 3.6. ಈ ಸೆಮ್ 16 ಕ್ರೆಡಿಟ್, ಅದರಲ್ಲಿ ಆರ್ಗ್ಯಾನಿಕ್ 4. ಉಳಿದ 12ರಲ್ಲೂ 3.6 ಬರುತ್ತೆ ಅಂತ ಇಟ್ಟುಕೊಂಡ್ವಿ.

ವಿತ್‌ಡ್ರಾ ಮಾಡಿದರೆ: 3.60
'ಸಿ' ಬಂದರೆ: 3.46
'ಡಿ' ಬಂದರೆ: 3.37

'ಡಿ' ತಗೊಂಡು ಮತ್ತೆ ಓದಿ 'ಎ' ತಂದರೆ ಸರಿಹೋಗಲ್ವಾ? ಇಲ್ಲ. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಅನ್ನೋ ವ್ಯವಸ್ಥೆಯಿಂದ. ಅದು ಎರಡು ಸಲದ ಗ್ರೇಡನ್ನೂ ಲೆಕ್ಕಕ್ಕೆ ಹಿಡಿಯುತ್ತೆ. ಉಳಿದಿದ್ದೆಲ್ಲ ಹಾಗೇ ಇದ್ದರೆ 'ಡಿ' ಆದಮೇಲೆ 'ಎ' ಅಂದರೆ 3.42. ಡಬ್ಲ್ಯು ಆದಮೇಲೆ 'ಎ' ಅಂದರೆ 3.63. ವಿಜ್ಞಾನ ಮತ್ತು ಗಣಿತದ ಜಿಪಿಎಯನ್ನು ಬೇರೆಯಾಗಿಯೂ ತೋರಿಸ್ತಾರೆ, ಅಲ್ಲಿ ಪೆಟ್ಟು ಇನ್ನೂ ಜೋರು.

ಹತ್ತೇ ನಿಮಿಷದಲ್ಲಿ ಎಕ್ಸೆಲ್ ಶೀಟ್ ಕಳಿಸಿ, "ವಿತ್‌ಡ್ರಾ ಮಾಡು ಅಕ್ಕ, ಯೋಚನೆನೇ ಬೇಡ" ಅಂತ ಬರೆದ್ವಿ. ನಮಗೆ ನಮ್ಮ ಮೇಲೇ ಹೆಮ್ಮೆ. ಅವಳ ಉತ್ತರ ಒಂದೇ ಸಾಲು: "ಮುಂದಿನ ಸಲವೂ ಹೀಗೇ ಆದ್ರೆ?"

ಶೀಟ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ತಿಂಡಿ ಮುಗಿಸಿ ಮತ್ತೆ ಕೂತ್ವಿ.

ಪ್ರಶ್ನೆ 3: ಇದರ ಜೊತೆ ಇನ್ನೇನು ಬೀಳುತ್ತೆ?

ಅಲ್ಲಿ ಫುಲ್‌ಟೈಮ್ ವಿದ್ಯಾರ್ಥಿ ಅನ್ನಿಸಿಕೊಳ್ಳೋಕೆ ಸಾಮಾನ್ಯವಾಗಿ 12 ಕ್ರೆಡಿಟ್ ಬೇಕು. ಅಕ್ಕನಿಗೆ ಸರಿಯಾಗಿ 12 ಉಳಿಯುತ್ತಿತ್ತು, ಬಚಾವ್. ಒಂದು ಕಮ್ಮಿಯಾಗಿದ್ದರೂ ಸ್ಕಾಲರ್‌ಶಿಪ್‌ಗೆ ತೊಂದರೆ ಬರಬಹುದಿತ್ತು. ಇಲ್ಲಿಂದ ವೀಸಾ ಮೇಲೆ ಹೋದವರಾದರೆ ಕಾಲೇಜಿನ ಅಧಿಕಾರಿಯ ಅನುಮತಿ ಇಲ್ಲದೆ 12ಕ್ಕಿಂತ ಕೆಳಗೆ ಇಳಿಯುವಂತೆಯೇ ಇಲ್ಲ. ಆರ್ಗ್ಯಾನಿಕ್ ಎರಡನೇ ಭಾಗ, ಎಂಕ್ಯಾಟ್, ಅರ್ಜಿ, ಎಲ್ಲವೂ ಒಂದರ ಹಿಂದೆ ಒಂದು ಮುಂದಕ್ಕೆ ಹೋಗುತ್ತೆ. ಬಹುಶಃ ಒಂದು ವರ್ಷ ತಡ. ಪದವಿ ಮುಗಿಸಿ ಒಂದೆರಡು ವರ್ಷ ಬಿಟ್ಟು ಮೆಡಿಕಲ್ ಸೇರುವವರು ಅಲ್ಲಿ ಬಹಳ ಜನ, ಹಾಗಾಗಿ ಇದು ಮುಳುಗಿ ಹೋಗೋ ವಿಷಯವಲ್ಲ. ಒಂದು ಡಬ್ಲ್ಯು ಇದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಲಾಗಿ ನಾಲ್ಕು ಇದ್ದರೆ ಇಂಟರ್‌ವ್ಯೂನಲ್ಲಿ ಉತ್ತರ ರೆಡಿ ಇರಬೇಕು.

ಪ್ರಶ್ನೆ 4: ಯಾಕೆ ಹೀಗಾಯ್ತು? ಮುಂದಿನ ಸಲ ಏನು ಬದಲಾಗುತ್ತೆ?

ಇದನ್ನ ಕೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. ವಾರಕ್ಕೆ 15 ಗಂಟೆ ಲ್ಯಾಬ್‌ನಲ್ಲಿ ಕೆಲಸ, ಶನಿವಾರ ಭಾನುವಾರ ಆಸ್ಪತ್ರೆಯಲ್ಲಿ ಸ್ವಯಂಸೇವೆ. ಅರ್ಜಿ ತುಂಬಿ ಕಾಣಬೇಕಲ್ಲ! ಓದೋಕೆ ಉಳಿದಿದ್ದು ರಾತ್ರಿ ಮಾತ್ರ. ಆಗ ರಿಯಾಕ್ಷನ್‌ಗಳನ್ನು ಉರು ಹೊಡೆಯೋದು. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಯಾಕೆ ಹೋಗುತ್ತೆ ಅನ್ನೋದು ಗೊತ್ತಿಲ್ಲದೆ. ನಾವು ಲ್ಯಾಪ್ಲಾಸ್ ಟೇಬಲ್ ಬಾಯಿಪಾಠ ಮಾಡ್ತೀವಲ್ಲ, ಥೇಟ್ ಹಾಗೇ. ಪ್ರೊಫೆಸರ್ ಹತ್ತಿರ ಡೌಟ್ ಕೇಳೋಕೆ ಒಂದು ಸಲವೂ ಹೋಗಿರಲಿಲ್ಲ, ದಡ್ಡಿ ಅಂದುಕೊಳ್ತಾರೆ ಅನ್ನೋ ಭಯ.

ಕಾರಣ ಬದಲಾಗದೆ ಕೋರ್ಸ್ ಮಾತ್ರ ಬಿಟ್ಟರೆ ಅದು ಬರೀ ಮುಂದೂಡಿದ ಫೇಲ್. ನಾವು ಕಲಿತಿದ್ದು ಇಷ್ಟೇ. ಲೆಕ್ಕ ಯಾವ ದಾರಿ ಅಗ್ಗ ಅಂತ ಹೇಳುತ್ತೆ, ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ ಹೇಳಲ್ಲ.

ಮಾರನೇ ದಿನ ಅಕ್ಕ ಪ್ರೊಫೆಸರ್‌ನ ಭೇಟಿಯಾದಳು. ಅವರು ಒಂದು ರಿಯಾಕ್ಷನ್ ಬಿಡಿಸೋಕೆ ಹೇಳಿದರಂತೆ, ಎರಡನೇ ಹೆಜ್ಜೆಯಲ್ಲೇ ನಿಂತುಹೋಯ್ತು. ಗುರುವಾರ ವಿತ್‌ಡ್ರಾ ಮಾಡಿದಳು. ಲ್ಯಾಬ್ ಕೆಲಸ 15ರಿಂದ 6 ಗಂಟೆಗೆ ಇಳಿಸಿದಳು. ಇದೆಲ್ಲಕ್ಕಿಂತ ಕಷ್ಟವಾಗಿದ್ದು ದೊಡ್ಡಪ್ಪನಿಗೆ ಹೇಳೋದು. ಅವರು ಸುಮ್ಮನೆ ಕೇಳಿಸಿಕೊಂಡು, "ಮೊದ್ಲೇ ಹೇಳ್ಬಾರ್ದಿತ್ತಾ ಮಗಳೇ" ಅಂದರಂತೆ. ಜನವರಿಯಲ್ಲಿ ಅದೇ ಕೋರ್ಸ್ ಮತ್ತೆ ತಗೊಂಡಳು. ಮೊದಲ ಮಿಡ್‌ಟರ್ಮ್‌ನಲ್ಲಿ 74. ಇನ್ನೂ 'ಎ' ಅಲ್ಲ, ಆದರೆ ಉರು ಹೊಡೆದು ಬಂದಿದ್ದೂ ಅಲ್ಲ.

ನಮ್ಮ ಕಡೆಯ ಕೆಲವು ಅಟಾನಮಸ್ ಕಾಲೇಜುಗಳಲ್ಲೂ ಕೋರ್ಸ್ ವಿತ್‌ಡ್ರಾ ಮಾಡುವ ಅವಕಾಶ ಇದೆ. ನಿಯಮ, ದಿನಾಂಕ ಎಲ್ಲ ಕಡೆ ಒಂದೇ ಅಲ್ಲ, ನಿಮ್ಮ ಕಾಲೇಜಿನ ರೂಲ್‌ಬುಕ್ ಈಗಲೇ ತೆಗೆದು ನೋಡಿ. ಲಾಸ್ಟ್ ಡೇಟ್ ಮುಗಿದ ಮೇಲೆ ಈ ನಾಲ್ಕು ಪ್ರಶ್ನೆ ಕೇಳಿಕೊಂಡು ಉಪಯೋಗ ಇಲ್ಲ.

ಈ ಸೆಮ್ ನಮ್ಮ ರೂಮಲ್ಲೇ ಒಬ್ಬನಿಗೆ ಸಿಗ್ನಲ್ಸ್ ಕೈಕೊಡ್ತಿದೆ. ಎಕ್ಸೆಲ್ ಇನ್ನೂ ತೆರೆದಿಲ್ಲ. ಮೊದಲು ನಾಲ್ಕನೇ ಪ್ರಶ್ನೆ ಕೇಳಿದ್ದೀವಿ. ಯೋಚಿಸ್ತಾ ಇದ್ದಾನೆ.